ಕಿತ್ತುಕೊಳ್ಳದ ಕೈ

ಟಿಸಾ ನದಿಯ ದಂಡೆಯ ನಮ್ಮೂರಲ್ಲಿ ಬೇಟೆನಾಯಿಗಳನ್ನು ಪಳಗಿಸುವ ಜಿಗಾ ಮಾಮನಿಗೆ ಬದುಕಿನಲ್ಲಿ ಒಂದೇ ಸಿದ್ಧಾಂತ: ನಾಯಿ ಕಚ್ಚಿ ತಂದ ಕಾಡುಕೋಳಿಯನ್ನು ಅದರ ಬಾಯಿಂದ ಕಿತ್ತುಕೊಳ್ಳಬಾರದು. "ನೀನು ಎಳೆದ್ರೆ ಅದು ಅಗಿಯುತ್ತೆ ಕಣಯ್ಯಾ, ಜಜ್ಜಿದ ಕೋಳಿ ಯಾರಿಗೆ ಬೇಕು? ಅಂಗೈ ಚಾಚ್ಕೊಂಡು ಕಾಯ್ತಿರು, ತಾನಾಗೇ ಬಿಡುತ್ತೆ" ಎನ್ನುತ್ತಾನೆ. ಮರಿಗಳಿಗೆ ಮೊದಲ ಪಾಠ ಹಸಿ ಮೊಟ್ಟೆಯದು: ಬಾಯಲ್ಲಿ ಕಚ್ಚಿ, ಒಡೆಯದೆ ತಂದು ಅಂಗೈಗೆ ಬಿಡಬೇಕು. ಅವಕ್ಕೆ ಅರ್ಥವಾಗದಿದ್ದರೆ ಮಾಮನೇ ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದ, ಹೆಂಡತಿ ಎತೆಲ್ಕಾ ಎದುರಿಗೆ ಅಂಗೈ ಚಾಚಿ ನಿಲ್ಲಬೇಕಿತ್ತು. "ನಿನಗಿಂತ ನಾಯೀನೇ ವಾಸಿ ಮಾರಾಯ, ಅದು ಒಡೆಯೋದು ಕಮ್ಮಿ" ಎಂದು ಅವಳು ಲೋಳೆ ಒರೆಸಿಕೊಳ್ಳುತ್ತಿದ್ದಳು. ಅಂಗಡಿ ನಡೆಸುವ ಬೋರಿಷ್ಕಾ ಎಂಬಾಕೆ ಬ್ರೆಡ್ಡನ್ನು ಮುಂದೆ ಹಿಡಿದರೂ ಮಾಮ ಮುಟ್ಟುವವನಲ್ಲ. ಅವಳೇ ಅಂಗೈಗೆ ಇಡುವವರೆಗೆ ನೆಲ ನೋಡುತ್ತ ನಿಂತು, ಇಟ್ಟ ಮೇಲೆ "ಭೇಷ್" ಎಂದು ಅವಳ ತಲೆ ಸವರಲು ಹೋಗಿ ಬೈಸಿಕೊಳ್ಳುತ್ತಾನೆ. ಒಮ್ಮೆ ಇಗರ್ಜಿಯ ಬಾಗಿಲಲ್ಲಿ ಪಾದ್ರಿ ಅವನ ಕೈಕುಲುಕಿದರು. ಪಾದ್ರಿಯೇ ಬಿಡಲೆಂದು ಮಾಮ, ಮಾಮನೇ ಬಿಡಲೆಂದು ಪಾದ್ರಿ, ಹೀಗೆ ಇಬ್ಬರೂ ಮಧ್ಯಾಹ್ನದ ಗಂಟೆ ಹೊಡೆಯುವವರೆಗೆ ಕೈಹಿಡಿದು ನಿಂತಿದ್ದನ್ನು ಊರೇ ನೋಡಿದೆ. ಹೋದ ಚಳಿಗಾಲ ಆಸ್ಪತ್ರೆಯಲ್ಲಿ ಎತೆಲ್ಕಾಳ ಉಸಿರು ನಿಂತಾಗ ಅವಳ ಬೆರಳುಗಳು ಮಾಮನ ಹೆಬ್ಬೆರಳನ್ನು ಹಿಡಿದೇ ಇದ್ದವು. ಬಿಡಿಸಲು ಬಂದ ನರ್ಸನ್ನು ಅವನು ಮೆಲ್ಲಗೆ ತಡೆದ. "ಎಳೀಬೇಡಮ್ಮ" ಎಂದ. "ತಾನಾಗೇ ಬಿಡ್ತಾಳೆ."