ಜಗಳೂರಿನ ಹುಡುಗಿಯ ತಟ್ಟೆ

ಊಟಕ್ಕೆ ಕೂತಿದ್ದ ಒಂದು ಹುಡುಗಿಯನ್ನು ನಾನು ಅರ್ಧಕ್ಕೆ ಎಬ್ಬಿಸಿ ಕಳಿಸಿದ್ದೇನೆ. ಕೈ ತೊಳೆಯಲು ನೀರು ಕೂಡ ಹಾಕಲಿಲ್ಲ.

ಇದು ಒಂದು. ಇನ್ನೊಂದಿದೆ. ಚನ್ನಗಿರಿಯಲ್ಲಿ ಹದಿನೈದು ವರ್ಷಕ್ಕೂ ಮೇಲ್ಪಟ್ಟು ಖಾನಾವಳಿ ನಡೆಸಿದ ಗೌರಮ್ಮ ಗೌರಮ್ಮನಲ್ಲ. ನನ್ನ ಹೆಸರು ದುರುಗಮ್ಮ. ಜಗಳೂರು ಕಡೆಯ ಒಂದು ಹಳ್ಳಿಯ ಹರಿಜನ ಕೇರಿಯಲ್ಲಿ ಹುಟ್ಟಿದವಳು — ಆಗ ಹಾಗೇ ಅನ್ನುತ್ತಿದ್ದರು. ಹಣೆಗೆ ವಿಭೂತಿ ಹಚ್ಚಿಕೊಂಡು, ನಿಮ್ಮೋಳೇ ಅಂತ ನಂಬಿಸಿ, ನಿಮಗೆಲ್ಲ ಉಣಬಡಿಸಿದೆ.

ಎರಡನೆಯದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಇಷ್ಟು ಓದಿ ಯಾರಿಗಾದರೂ ಹೊಟ್ಟೆ ತೊಳೆಸಿದರೆ — ತೊಳೆಸಲಿ. ನಲವತ್ತು ವರ್ಷದ ಹಿಂದೆ ಉಂಡದ್ದು ಈಗ ಹೊರಗೆ ಬರುವುದಿಲ್ಲ.

ಬರೆಯುತ್ತಿರುವುದು ನಾನೇ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಕ್ಷರ ಹೇಗೆ ಬಂತು ಅಂತ ಮುಂದೆ ಹೇಳುತ್ತೇನೆ. ಪಕ್ಕದ ಮನೆಯ ಟೀಚರಮ್ಮ ಒತ್ತಕ್ಷರ ಸರಿ ಮಾಡಿದ್ದಾರೆ. ಮಾತು ಸರಿ ಮಾಡಲು ಬಿಟ್ಟಿಲ್ಲ.

ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಊರು ಬಿಟ್ಟವಳು ನಾನು. ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ, ಯಾಕೆಂದರೆ ಬಸ್ಸು ಅಲ್ಲಿಗೇ ನಿಂತಿತು. ನೀಲಮ್ಮ ಅಂತ ಒಬ್ಬ ಮುದುಕಿ ಅಡಿಕೆ ಮಂಡಿಯವರಿಗೆ, ಕಾಲೇಜಿನ ಹುಡುಗರಿಗೆ ಊಟ ಹಾಕುತ್ತಿದ್ದಳು. ಕೆಲಸ ಕೇಳಿದೆ. ಕಣ್ಣು ಮಂಜಾಗಿತ್ತು ಅವಳಿಗೆ. ಹತ್ತಿರ ಬಂದು ಮುಖ ನೋಡಿದಳು.

"ಯಾರ ಪೈಕಿಯವ್ವ ನೀನು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿಕೊಂಡಳು — "ನಮ್ಮೋಳೇ ಇರ್ಬೇಕು ಬಿಡು, ಮಾತು ಮೆತ್ತಗೈತೆ. ಹೆಸರೇನು?"

ಗೌರಮ್ಮ, ಅಂದೆ.

ಅಷ್ಟೇ. ಸುಳ್ಳು ಹೇಳಲು ಒಂದು ಉಸಿರು ಸಾಕು. ಅದರ ಜೊತೆ ಬದುಕುವುದೇ ಕೆಲಸ. ಮುದುಕಿ ಸತ್ತಾಗ ಒಲೆ ನನ್ನದಾಯಿತು.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ, ಕಾಲೇಜು ತೆರೆದ ವಾರ. ಆ ವಾರದ ಲೆಕ್ಕ ನನಗೆ ಬಾಯಿಪಾಠ. ಸೋಮವಾರ ಬಸ್ಸಿನ ಟಾಪಿನಿಂದ ಟ್ರಂಕು, ಹಾಸಿಗೆ ಸುರುಳಿ ಇಳಿಯುತ್ತವೆ. ಹೊನ್ನಾಳಿ, ನ್ಯಾಮತಿ, ಸವಳಂಗ, ಎಲ್ಲ ಕಡೆಯ ಹುಡುಗರು. ಮೂವರು ನಾಲ್ವರು ಸೇರಿ ಒಂದು ರೂಮು ಹಿಡಿಯುತ್ತಾರೆ. ಮನೆಯಿಂದ ಕಟ್ಟಿಕೊಟ್ಟ ರೊಟ್ಟಿ ಬುತ್ತಿ ಬುಧವಾರದವರೆಗೆ. ಗುರುವಾರ ಬಸ್‌ಸ್ಟ್ಯಾಂಡಿನ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಶುಕ್ರವಾರ ಹೊಟ್ಟೆ ಕೆಟ್ಟು, ತಟ್ಟೆ ಕಂಕುಳಲ್ಲಿಟ್ಟುಕೊಂಡು ನನ್ನ ಬಾಗಿಲಿಗೆ.

ತಟ್ಟೆ ಅವರವರೇ ತರಬೇಕು, ಅದು ನೀಲಮ್ಮ ಮಾಡಿಟ್ಟ ಪದ್ಧತಿ. ಸ್ಟೀಲ್ ತಟ್ಟೆಯ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು, ಊರು ಕೊರೆಸಿರುತ್ತಾರೆ. ಉಂಡ ಮೇಲೆ ತೊಳೆದು ಗೋಡೆಗೆ ಒರಗಿಸಿ ಹೋಗುತ್ತಾರೆ. ಮರುದಿನ ಯಾರ ತಟ್ಟೆ ಯಾವುದು ಅಂತ ನಾನು ಹುಡುಕಿ ಕೊಡಬೇಕಿತ್ತು. ಹಾಗೆ ಬಂದದ್ದು ನನ್ನ ಅಕ್ಷರ. ‘ಮಲ್ಲೇಶ ಗೋವಿನಕೋವಿ’ ನನ್ನ ಮೊದಲನೆಯ ಪುಸ್ತಕ.

ಇನ್ನೊಂದು ಪದ್ಧತಿ — ಹೊಸಬರು ಬಂದರೆ ಯಾರ ಪೈಕಿ ಅಂತ ಕೇಳುವುದು. ನನಗೆ ಆ ಪ್ರಶ್ನೆ ಕೇಳಲು ನಾಲಿಗೆ ಹೊರಳುತ್ತಿರಲಿಲ್ಲ. ಕೇಳುವ ಕೆಲಸ ಮಂಡಿಯ ಗುಮಾಸ್ತ ಶಿವಪ್ಪ ತಾನಾಗಿಯೇ ತಲೆ ಮೇಲೆ ಹೊತ್ತಿದ್ದ. ದಿನಾ ಬಾಗಿಲ ಪಕ್ಕದ ಮಣೆ ಅವನದು. ಬಾಯಲ್ಲಿ ಮುದ್ದೆ ಇಟ್ಟುಕೊಂಡೇ "ಏನ್ ತಮ್ಮಾ, ಯಾರ ಪೈಕಿ?" ಅನ್ನುತ್ತಿದ್ದ. ಉತ್ತರ ಸರಿ ಬರದಿದ್ದರೆ ಹುಡುಗ ಅಲ್ಲಿಂದಲೇ ವಾಪಸ್. ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. ಕೇಳಿಸುತ್ತಿತ್ತು. ತಟ್ಟುತ್ತಲೇ ಇರುತ್ತಿದ್ದೆ.

ಹೆಣ್ಣುಮಕ್ಕಳು ಮಾತ್ರ ಹಿತ್ತಿಲ ಬಾಗಿಲಿಂದ ಬಂದು ಒಲೆ ಮುಂದೆ ಕೂತು ಉಣ್ಣಬೇಕು. ಗಂಡಸರ ಸಾಲಿನಲ್ಲಿ ಕೂರುವ ಹಾಗಿಲ್ಲ. ಅದಕ್ಕೇ ನಾನು ಎಬ್ಬಿಸಿ ಕಳಿಸಿದ ಆ ಹುಡುಗಿ ಶಿವಪ್ಪನ ಕಣ್ಣಿಗೆ ಬೀಳಲಿಲ್ಲ.

ಶುಕ್ರವಾರ ಮಧ್ಯಾಹ್ನ. ನೀಲಿ ದಾವಣಿ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಕೈಯಲ್ಲಿ ಹೊಸ ತಟ್ಟೆ. ಆಸ್ಪತ್ರೆಯ ಆಯಾ ಒಬ್ಬಳ ಕೋಣೆಯಲ್ಲಿ ಇದ್ದೇನೆ, ಅಲ್ಲಿ ಒಲೆ ಹೂಡುವ ಹಾಗಿಲ್ಲ ಅಂದಳು. "ಬುತ್ತಿ ಮುಗೀತು ಯಕ್ಕಾ. ನಿನ್ನೆಯಿಂದ ಮಂಡಕ್ಕಿ ತಿಂದು ತಿಂದು ಹೊಟ್ಯಾಗೆ ಗಿರಣಿ ಓಡ್ತೈತೆ." ನಾನು ನಕ್ಕೆ. ಕೂರು ಅಂದೆ. ಯಾರ ಪೈಕಿ ಅಂತ ಕೇಳಲಿಲ್ಲ. ಕೇಳಬೇಕು ಅನ್ನಿಸಲೂ ಇಲ್ಲ. ಮುದ್ದೆ ಹಾಕಿದೆ, ಹುರುಳಿ ಸಾರು ಬಿಟ್ಟೆ.

ಆ ಹುರುಳಿ ಸಾರು — ಅದರ ಬಗ್ಗೆ ಹೇಳಬೇಕು. ನನ್ನ ಖಾನಾವಳಿಗೆ ಹೆಸರು ತಂದದ್ದೇ ಅದು. ನೀಲಮ್ಮ ಒಣಮೆಣಸಿನಕಾಯಿ ಎಣ್ಣೆಯಲ್ಲಿ ಹುರಿಯುತ್ತಿದ್ದಳು. ನಾನು ಬಿಸಿ ಬೂದಿಯಲ್ಲಿ ಹೂತು ಸುಡುತ್ತಿದ್ದೆ. ಕಪ್ಪಗಾದ ಮೇಲೆ ತೆಗೆದು, ಒಲೆಗಲ್ಲಿಗೆ ಎರಡು ಸಲ ಬಡಿದು, ಉಫ್ ಅಂತ ಊದಿ, ಅಂಗೈಯಲ್ಲೇ ತಿಕ್ಕಿ ಸಾರಿಗೆ. ನಮ್ಮ ಕೇರಿಯಲ್ಲಿ ಎಣ್ಣೆ ಎಲ್ಲಿತ್ತು? ಅವ್ವ ಮಾಡುತ್ತಿದ್ದದ್ದೇ ಹಾಗೆ. ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಮಾಡುತ್ತಿದ್ದೆ. ಅವತ್ತು ಹೊಸ ಹುಡುಗರು ಜಾಸ್ತಿ, ಸಾರು ಸಾಲಲಿಲ್ಲ. ಅವಳ ಎದುರೇ ಬೂದಿ ಕೆದಕಿ ಮೆಣಸಿನಕಾಯಿ ತೆಗೆದು ಕಲ್ಲಿಗೆ ಬಡಿದೆ. ಎರಡು ಸಲ.

ಹುಡುಗಿ ತುತ್ತು ನಿಲ್ಲಿಸಿದಳು. ಮುಖ ಅರಳಿತು.

"ಅಯ್ಯೋ ಯಕ್ಕಾ! ನಮ್ಮವ್ವನೂ ಹಿಂಗೇ ಬಡೀತಾಳೆ!"

"ಯಾವೂರೇ ನಿಂದು?"

"ಜಗಳೂರು ಕಡೆ."

ಕೈ ನಿಂತಿತು ನನ್ನದು. ಅವಳು ಮಂಡಿಯ ಮೇಲೆ ಮುಂದಕ್ಕೆ ಸರಿದು, ತುಂಬ ಪ್ರೀತಿಯಿಂದ — ಅದು ಪ್ರೀತಿಯೇ, ಬೇರೆ ಏನೂ ಅಲ್ಲ, ಐದು ದಿನ ಒಬ್ಬಳೇ ಇದ್ದವಳಿಗೆ ಮನೆ ಸಿಕ್ಕಿತ್ತು — ಕೇಳಿದಳು. "ನೀವೂ ಆ ಕಡೇರಾ ಯಕ್ಕಾ? ಮಾತೂ ಹಂಗೇ ಐತೆ. ನಮ್ಮ ಕೇರ್‍ಯಾಗೆ ಎಲ್ಲಾರ ಮನ್ಯಾಗೂ—"

ಹೊರಗಿನಿಂದ ಶಿವಪ್ಪನ ಗಂಟಲು. "ಯಾರವ್ವಾ ಅದು ಒಳಗೆ? ಯಾವ ಕೇರಿ?"

ನನಗೆ ಸಮಯವಿತ್ತು. ಇಲ್ಲ ಅಂತ ಹೇಳುವುದಿಲ್ಲ. ನಮ್ಮ ಸಂಬಂಧಿಕರ ಹುಡುಗಿ, ನೀನು ಉಣ್ಣು ಶಿವಪ್ಪ, ಅನ್ನಬಹುದಿತ್ತು. ನಾನು ಗೌರಮ್ಮ ಆಗಿದ್ದ ಹಾಗೆ ಅವಳೂ ಏನೋ ಒಂದು ಆಗಬಹುದಿತ್ತು. ಆದರೆ ಅವಳು ನನ್ನ ಕೈಯನ್ನು ಗುರುತಿಸಿದ್ದಳು. ಇವತ್ತು ಗುರುತಿಸಿದವಳು ನಾಳೆ ಯಾರ ಹತ್ತಿರವಾದರೂ — ನಾನು ಎದ್ದು ನಿಂತೆ. ಹೊರಗಿನ ಸಾಲಿಗೆಲ್ಲ ಕೇಳುವ ಹಾಗೆ ಕೂಗಿದೆ:

"ಏನೇ, ಜಾತಿ ಮುಚ್ಚಿಟ್ಟು ನನ್ನ ಒಲೆ ಮುಂದೆ ಬಂದು ಕೂತಿದ್ದೀಯಾ? ಏಳು ಮೇಲೆ!"

ಹೌದು. ನಾನು. ನಾನು ಈ ಮಾತು ಹೇಳಿದೆ.

ಅವಳು ನನ್ನ ಬಾಯಿ ನೋಡಲಿಲ್ಲ, ಕೈ ನೋಡಿದಳು. ಸುಟ್ಟ ಮೆಣಸಿನಕಾಯಿ ಇನ್ನೂ ಕೈಯಲ್ಲೇ ಇತ್ತು, ಬೂದಿ ಸಮೇತ. ಆಮೇಲೆ ಮುಖ ನೋಡಿದಳು. ಎಲ್ಲ ಗೊತ್ತಾಯಿತು ಅವಳಿಗೆ. ನನಗೆ ಗೊತ್ತು, ಗೊತ್ತಾಯಿತು. ಒಂದು ಮಾತು ಆಡಿದ್ದರೆ ನನ್ನ ಒಲೆ ಅವತ್ತೇ ಆರುತ್ತಿತ್ತು.

"ನನ್ನ ಯಾರೂ ಕೇಳ್ಲೇ ಇಲ್ಲಲ್ಲಕ್ಕ," ಅಂದಳು. ಮೆಲ್ಲಗೆ, ಹೊರಗೆ ಕೇಳದ ಹಾಗೆ.

ಎದ್ದಳು. ಎಂಜಲು ಕೈ. ನೀರಿನ ಹಂಡೆ ಅವಳ ಪಕ್ಕದಲ್ಲೇ ಇತ್ತು. ಮುಟ್ಟಲಿಲ್ಲ, ನಾನು ಹಾಕುತ್ತೇನೇನೋ ಅಂತ ಒಂದು ಗಳಿಗೆ ಕೈ ಮುಂದೆ ಹಿಡಿದಳು. ನಾನು ಹಾಕಲಿಲ್ಲ. ಆ ಕೈಯನ್ನು ಹಾಗೇ ದೂರ ಹಿಡಿದುಕೊಂಡು, ದಾವಣಿಗೆ ತಾಗದಂತೆ, ಹಿತ್ತಿಲ ಬಾಗಿಲಿಂದ ಹೋದಳು. ತಟ್ಟೆ ಅಲ್ಲೇ ಉಳಿಯಿತು.

ಹೊರಗೆ ಗದ್ದಲ. ಒಬ್ಬಿಬ್ಬರು ಊಟ ಬಿಟ್ಟು ಎದ್ದರು. ಶಿವಪ್ಪ ಯಜಮಾನನಂತೆ ಒಳಗೆ ಬಗ್ಗಿ ನೋಡಿ, "ಸಾರಿಸವ್ವಾ, ಗಂಜಲ ಹಾಕಿ ಸಾರಿಸು. ನಿಂದೇನ್ ತಪ್ಪು, ಮೋಸ ಮಾಡಾಕೆ ಬಂದಿದ್ಲು ಆಕಿ" ಅಂದ. ನಾನು ಸಗಣಿ ಕಲಸಿ ಸಾರಿಸಿದೆ. ಅವಳು ಕೂತ ಜಾಗ ಸಾರಿಸಿದೆ, ನಾನು ದಿನಾ ಕೂರುವ ಜಾಗ ಬಿಟ್ಟೆ. ಕೈ ತೊಳೆದು ಬಂದು, ಬೂದಿಯ ಮೆಣಸಿನಕಾಯಿಯನ್ನು ಸಾರಿಗೆ ತಿಕ್ಕಿದೆ. ಶಿವಪ್ಪ ಎರಡು ಸಲ ಹಾಕಿಸಿಕೊಂಡ. "ಗೌರಮ್ಮಾ, ನಿನ್ನ ಕೈಗುಣ ಬ್ಯಾರೆ ಎಲ್ಲೂ ಸಿಗಾಕಿಲ್ಲ ಬಿಡು" ಅಂತ ಬೆರಳು ನೆಕ್ಕಿದ.

ಸಿಗುತ್ತೆ ಶಿವಪ್ಪ. ಜಗಳೂರು ಕಡೆ ಯಾವ ಕೇರಿಗೆ ಬೇಕಾದರೂ ಹೋಗು, ಸಿಗುತ್ತೆ. ನೀನು ಬದುಕಿದ್ದರೆ ಇದನ್ನು ಓದು. ನಿನ್ನ ಮಕ್ಕಳಿಗೂ ಓದಿ ಹೇಳು.

ಎಲ್ಲರೂ ಹೋದ ಮೇಲೆ ಅವಳ ತಟ್ಟೆ ಎತ್ತಿದೆ. ಅರ್ಧ ಮುದ್ದೆ ಉಳಿದಿತ್ತು. ಎಸೆಯಲು ಹೋದವಳು ಅಲ್ಲೇ ಕೂತು ಅದನ್ನು ತಿಂದೆ. ಯಾಕೆ ಅಂತ ಕೇಳಬೇಡಿ. ಪಶ್ಚಾತ್ತಾಪ ಅಂತ ನೀವು ಬರೆದುಕೊಳ್ಳುವುದು ಬೇಡ. ಬೆಳಗಿನಿಂದ ನಾನೂ ಉಂಡಿರಲಿಲ್ಲ. ತಟ್ಟೆ ತೊಳೆದಾಗ ಚುಕ್ಕಿಗಳು ಕಂಡವು. ಕೂಡಿಸಿ ಓದಿದೆ. ‘ಡಿ. ರತ್ನ ಜಗಳೂರು.’

ಸೋಮವಾರ ಸೊಪ್ಪು ತರಲು ಬಸ್‌ಸ್ಟ್ಯಾಂಡಿನ ಕಡೆ ಹೋಗಿದ್ದೆ. ದಾವಣಗೆರೆ ಬಸ್ಸಿನ ಟಾಪಿಗೆ ಒಂದು ಟ್ರಂಕು ಏರುತ್ತಿತ್ತು. ಕೆಳಗೆ ಅವಳು ನಿಂತಿದ್ದಳು, ಅದೇ ನೀಲಿ ದಾವಣಿ. ಕಾಲೇಜು ತೆರೆದು ಎಂಟು ದಿನ. ಎಲ್ಲರ ಟ್ರಂಕೂ ಇಳಿಯುವ ದಿನಗಳಲ್ಲಿ ಇದೊಂದು ಏರುತ್ತಿತ್ತು. ನನ್ನನ್ನು ನೋಡಿದಳು. ಬಯ್ಯುತ್ತಾಳೆ ಅಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು. ತಲೆಯನ್ನು ಒಂದು ಸಲ ಅಡ್ಡಕ್ಕೆ ಆಡಿಸಿದಳು — ಯಾರಿಗೂ ಹೇಳಿಲ್ಲ ಅಂತಲೋ, ನಿನ್ನ ಸಹವಾಸ ಬೇಡ ಅಂತಲೋ. ಹತ್ತು ಹೆಜ್ಜೆ ಅಷ್ಟೇ ಇತ್ತು ನಡುವೆ. ನಾನು ಸೊಪ್ಪಿನ ಕಟ್ಟು ಆರಿಸುತ್ತ ನಿಂತೆ.

ಆಮೇಲೆ ನಾನು ಬದಲಾದೆ ಅಂತ ತಿಳಿಯಬೇಡಿ. ಇನ್ನೂ ಹನ್ನೊಂದು ವರ್ಷ ಅದೇ ಒಲೆ, ಅದೇ ವಿಭೂತಿ, ಬಾಗಿಲಲ್ಲಿ ಅದೇ ಪ್ರಶ್ನೆ. ಪ್ರತಿ ವರ್ಷ ಕಾಲೇಜು ತೆರೆದ ವಾರ, ಶುಕ್ರವಾರ, ಯಾರಾದರೂ ಹುಡುಗ ತಟ್ಟೆ ಹಿಡಿದು ವಾಪಸ್ ಹೋಗುತ್ತಿದ್ದ. ಒಂದು ಮಾತ್ರ ಮಾಡಿದೆ: ಅವಳ ತಟ್ಟೆಯಲ್ಲಿ ನಾನೇ ಉಂಡೆ, ದಿನಾ. ಅದೇನು ದೊಡ್ಡಸ್ತಿಕೆಯಲ್ಲ. ಅದೂ ಅವಳಿಗೆ ಸೇರಿದ್ದನ್ನು ನಾನು ಇಟ್ಟುಕೊಂಡದ್ದೇ.

ಹಾಗಂತ ನನ್ನ ಸುಳ್ಳಿಗೆ ನಾಚಿಕೆಯೂ ಇಲ್ಲ. ನೀವು ಬಾಗಿಲಲ್ಲಿ ಶಿವಪ್ಪನನ್ನು ಕೂರಿಸಿದಿರಿ, ನಾನು ಹಿತ್ತಿಲಿಂದ ಬಂದೆ. ಬಾಗಿಲು ನಿಮ್ಮದು, ಹಸಿವು ನನ್ನದು. ನಿಜ ಹೇಳಿದ್ದರೆ ನೀಲಮ್ಮನ ಅಂಗಳದಲ್ಲಿ ಒಂದು ಚೊಂಬು ನೀರೂ ಸಿಗುತ್ತಿರಲಿಲ್ಲ. ನಿಮ್ಮಲ್ಲಿ ಮೇಷ್ಟ್ರಾದವರು, ವಕೀಲರಾದವರು ಎಷ್ಟೋ ಜನ. ಕಾಲೇಜಿನ ಮೂರು ವರ್ಷ ನಿಮ್ಮ ಹೊಟ್ಟೆ ಹೊರೆದದ್ದು ಈ ಕೈ. ನಿಮಗೆ ನಾನು ಏನೂ ಬಾಕಿ ಇಟ್ಟಿಲ್ಲ.

ಅವಳಿಗೆ ಇಟ್ಟಿದ್ದೇನೆ. ಅವಳಿಗೆ ಹೇಳಲು ನನ್ನ ಹತ್ತಿರ ಯಾವ ಕಾರಣವೂ ಇಲ್ಲ. ಹೆದರಿಕೆ ಅಂತ ಒಂದಿತ್ತು. ಅದು ಅವಳಿಗೂ ಇತ್ತಲ್ಲ. ಆದರೂ ಅವಳು ನನ್ನನ್ನು ಬಿಟ್ಟುಕೊಡಲಿಲ್ಲ. ಹದಿನೇಳರ ಹುಡುಗಿ ಮಾಡಿದ್ದನ್ನು ನಲವತ್ತಕ್ಕೆ ಹತ್ತಿರದ ಹೆಂಗಸು ಮಾಡಲಿಲ್ಲ.

ಮೊನ್ನೆ ಆ ತಟ್ಟೆ ಹಿಡಿದು ಪಾತ್ರೆ ಅಂಗಡಿಗೆ ಹೋದೆ. ಖಾದರ್ ಸಾಬರು ಈಗಲೂ ಹೆಸರು ಕೊರೆಯುತ್ತಾರೆ. ಕನ್ನಡಕ ಏರಿಸಿ, ಇನ್ನೊಂದು ಹೆಸರು ಇದೆಯಲ್ಲಮ್ಮ ಅಂದರು.

"ಅದು ಇರ್ಲಿ. ಅದರ ಕೆಳಗೆ ಬರೀರಿ, ದುರುಗಮ್ಮ."

"ಯಾರು ದುರುಗಮ್ಮ? ನೀವು ಗೌರಮ್ಮ ಅಲ್ವಾ?"

"ಅಲ್ಲ. ನಾನೇ ದುರುಗಮ್ಮ."

ಅಂಗಡಿಯಲ್ಲಿ ಕುಕ್ಕರ್ ಕೊಳ್ಳಲು ಬಂದ ಇಬ್ಬರು ಹೆಂಗಸರು ತಿರುಗಿ ನೋಡಿದರು. ಸಾಬರು ತಟ್ಟೆ ತಿರುಗಿಸಿ ಹಿಡಿದು, "ಊರು ಏನು ಹಾಕಾಣ?" ಅಂದರು.

"ಜಗಳೂರು ತಾಲೂಕು, ಹರಿಜನ ಕೇರಿ."

"ಕೇರಿ ಯಾರೂ ಬರೆಸಾಕಿಲ್ಲಮ್ಮ."

"ನಾನು ಬರೆಸ್ತೀನಿ. ಜಾಗ ಸಾಲದಿದ್ರೆ ಸುತ್ತಲೂ ಬರೀರಿ."

ಬರೆದರು. ಅರ್ಧ ತಟ್ಟೆ ಸುತ್ತಿ ಬಂತು.

ನಾಳಿದ್ದು ಜಗಳೂರಿಗೆ ಹೋಗುತ್ತೇನೆ. ಯಾವ ಹಳ್ಳಿ ಗೊತ್ತಿಲ್ಲ. ಒಂದೊಂದೇ ಕೇರಿಯಲ್ಲಿ ಕೇಳುತ್ತೇನೆ, ಡಿ. ರತ್ನ ಅಂತ. ಅವಳು ಇದ್ದಾಳೋ ಇಲ್ಲವೋ, ಬೇರೆ ಎಲ್ಲಾದರೂ ಓದಿದಳೋ, ಅದೂ ಗೊತ್ತಿಲ್ಲ. ಸಿಕ್ಕರೆ ಒಳಗೆ ಕರೆಯಲಿ ಅಂತ ಕಾಯುವುದಿಲ್ಲ. ತಟ್ಟೆ ಕೊಡುತ್ತೇನೆ. ಚೀಲದಲ್ಲಿ ಒಂದು ಚೊಂಬೂ ಇಟ್ಟುಕೊಂಡಿದ್ದೇನೆ. ಅಲ್ಲಿನ ಬೋರಿನಲ್ಲಿ ನೀರು ತುಂಬಿಕೊಂಡು, ಕೈ ಹಿಡಿ ಅನ್ನುತ್ತೇನೆ. ಹಿಡಿದರೆ ಹಾಕುತ್ತೇನೆ. ಹಿಡಿಯದಿದ್ದರೆ ಅವಳ ಬಾಗಿಲಲ್ಲಿ ಚೊಂಬು ಇಟ್ಟು ಬರುತ್ತೇನೆ.