ಹಾಗಲಕಾಯಿ ಹಣೆಯವನು

ಮೊನ್ನೆ ನನ್ನ ಮಗಳು ಊಟ ಬಿಟ್ಟು ಕೂತಳು. ಕಾರಣ ಕೇಳಿದರೆ ನೀವು ನಗುತ್ತೀರಿ: ಯಾವುದೋ ಗ್ರಹದ ಒಬ್ಬ ಸೇನಾಪತಿಯ ಹಣೆ! ಹಳೆಯ ಧಾರಾವಾಹಿಯೊಂದನ್ನು ಹೊಸದಾಗಿ ತೆಗೆದಿದ್ದಾರಂತೆ. ಅವನ ಮೇಕಪ್ಪು, ಉಡುಪು ಎರಡೂ ಬದಲಾಗಿವೆಯಂತೆ. ಹಳೆಯದನ್ನೆಲ್ಲ ಫೋನಿನಲ್ಲೇ ನೋಡಿ ಮುಗಿಸಿದ ಇವಳಂಥವರು ಲೋಕದ ತುಂಬ ಇದ್ದಾರೆ, ಎಲ್ಲರೂ ಒಟ್ಟಾಗಿ ಬೈಯುತ್ತಿದ್ದಾರೆ. "ನೋಡವ್ವಾ, ಹೆಂಗ ಮಾಡಿಟ್ಟಾರ!" ಎಂದು ಫೋನನ್ನು ನನ್ನ ಮೂಗಿಗೇ ಹಿಡಿದಳು. ನಾನು ಕನ್ನಡಕ ಏರಿಸಿ ನೋಡಿದೆ, ನೋಡಿ ನಕ್ಕೆ. ಅವಳ ಸಿಟ್ಟು ಇಮ್ಮಡಿಯಾಯಿತು. ನಾನಾದರೂ ಏನು ಮಾಡಲಿ? ಇವನು ನನಗೆ ಹಳೆಯ ಪರಿಚಯ. ಈ ಜಗಳವನ್ನು ಬ್ಯಾಡಗಿಯ ನಮ್ಮ ಓಣಿ ಎಂದೋ ಆಡಿ ಮುಗಿಸಿದೆ, ಅದೂ ಫೋನಿಲ್ಲದೆ.

ಆಗ ನಾನು ಮೇಡ್ಲೇರಿಯಿಂದ ಸೊಸೆಯಾಗಿ ಬಂದ ಹೊಸತು. ಅತ್ತೆ ಗಿರಿಜಮ್ಮನವರ ತವರೂ ಅದೇ ಊರು. ಟಿವಿ ಇದ್ದದ್ದು ಎದುರು ಮನೆಯಲ್ಲಿ, ಖೈರುನ್‌ಬಿ ಚಾಚಿಯ ಹತ್ತಿರ. ಚಾಚಾ ಟೇಲರ್. ಅಂಗಿಗೆ ಕಾಜಾ ಹಾಕಿ ಗುಂಡಿ ಹಚ್ಚುವ ಕೆಲಸ ಚಾಚಿಯದು. ಮೆಣಸಿನಕಾಯಿ ಸುಗ್ಗಿಯಲ್ಲಿ ಮಾತ್ರ ಸೂಜಿ ಬದಿಗಿಟ್ಟು, ಓಣಿಯ ಎಲ್ಲರ ಹಾಗೆ ತುಂಬು ಬಿಡಿಸಲು, ಅಂದರೆ ಕಾಯಿಯ ತೊಟ್ಟು ಕೀಳಲು, ಕೂರುತ್ತಿದ್ದರು. ರವಿವಾರ ಬೆಳಿಗ್ಗೆ ಅತ್ತೆಯೂ ಮೊರ ಹಿಡಿದುಕೊಂಡು ಅಲ್ಲಿಗೇ ಹೋಗುತ್ತಿದ್ದರು. ಕಣ್ಣು ಟಿವಿಯಲ್ಲಿ, ಕೈ ಮೆಣಸಿನಕಾಯಿಯಲ್ಲಿ. ಒಂದೇ ಒಂದು ಕಟ್ಟುನಿಟ್ಟು: ಏನೇ ಆಗಲಿ, ಅಳಕೂಡದು. ಆ ಕೈಯಲ್ಲಿ ಕಣ್ಣೊರೆಸಿಕೊಂಡರೆ ಏನಾಗುತ್ತದೆಂದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ.

ಧಾರಾವಾಹಿ ಹಿಂದಿಯಲ್ಲಿ ಬರುತ್ತಿತ್ತು. ಅತ್ತೆಗೆ ಹಿಂದಿಯ ಗಂಧಗಾಳಿ ಇಲ್ಲ. ಉರ್ದು ಮನೆಮಾತಿನ ಚಾಚಿಯೇ ಆಕಾಶವನ್ನೆಲ್ಲ ಕನ್ನಡಕ್ಕೆ ಇಳಿಸಬೇಕು. "ಇವರ ಗಾಡಿಗೆ ಎಣ್ಣಿ ತೀರೇತಂತ ಅಕ್ಕಾ. ಆ ಚಿಕ್ಕಿ ತನಕಾ ಹೋಗಿ ಮುಟ್ಟತೈತೋ ಇಲ್ಲೋ ಅನ್ನಾಕತ್ತಾನ." ಚಿಕ್ಕಿ ಎಂದರೆ ನಕ್ಷತ್ರ. ಆ ಅನುವಾದದಲ್ಲಿ ನಕ್ಷತ್ರಲೋಕ ರಾಣೆಬೆನ್ನೂರಿನಿಂದ ಸ್ವಲ್ಪ ಆಚೆಗಿತ್ತು, ಅಷ್ಟೇ.

ಸೇನಾಪತಿಯ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ. ಹಣೆಯ ತುಂಬ ಉಬ್ಬುತಗ್ಗು, ಬಣ್ಣ ಹಸಿರು, ಹೀಗಾಗಿ ಅವನು 'ಹಾಗಲಕಾಯಿ ಹಣೆಯವ' ಆದ. ಹೆಗಲಿಗೆ ಕಂಬಳಿಯಂಥ ಕಪ್ಪು ಹೊದಿಕೆ. ಅತ್ತೆಗೆ ಅವನೆಂದರೆ ಪ್ರಾಣ. "ಕಂಬಳಿ ಹೊತ್ಕೊಂಡು ಹೊಳೀ ದಂಡ್ಯಾಗ ನಿಂತ ನಮ್ಮಣ್ಣನಂಗ ಕಾಣ್ತಾನ ನೋಡ ಖೈರೂ," ಅನ್ನುತ್ತಿದ್ದರು. ಅವರ ಅಣ್ಣ ತೀರಿಹೋಗಿ ಆಗಿನ್ನೂ ವರ್ಷವಾಗಿರಲಿಲ್ಲ.

ಹೀಗಿರುವಾಗ ಒಂದು ರವಿವಾರ ಸೇನಾಪತಿ ನುಣುಪಾದ ಹಣೆ ಹೊತ್ತು ಬಂದ. ಕಂಬಳಿ ಮಾಯ. ಮೈಗಂಟಿದ, ಮಿರಮಿರ ಮಿಂಚುವ ಅಂಗಿ.

"ಯಾರಿವ?" ಎಂದರು ಅತ್ತೆ.

"ಅವನಽ ಅಕ್ಕಾ. ಮೇಕಪ್ಪು ಬದಲಿ ಮಾಡ್ಯಾರ."

"ಹಣಿ ಎಲ್ಲಿ ಹೋತು?"

"ಹುಬ್ಬಳ್ಳಿಗೆ ಹೋಗಿ ಆಪರೇಷನ್ ಮಾಡಿಸ್ಕೊಂಡು ಬಂದಾನಂತ ತಿಳ್ಕೋ."

"ಹಂಗಾರ ಹೆಂಡ್ತಿ ಯಾಕ ಒಂದು ಮಾತೂ ಕೇಳವಲ್ಲಳು? ಗಂಡ ಮಾರಿ ಬದಲಿ ಮಾಡ್ಕೊಂಡು ಮನಿಗೆ ಬಂದ್ರ ಸುಮ್ನ ನೀರು ಕೊಡ್ತಾರೇನ?"

ಪ್ರಶ್ನೆ ನ್ಯಾಯವಾದದ್ದೇ. ಆದರೆ ಚಾಚಿಯ ಕಣ್ಣು ಅಂಗಿಯ ಮೇಲೆ ನಿಂತಿತ್ತು. "ಹೊಲಿಗಿ ನೋಡಕ್ಕಾ! ಕಾಲರ್ ಎಷ್ಟು ಚಂದ ಕುಂತೈತಿ!"

"ಮನಶಾನ ಗುರುತಽ ಹೋದ ಮ್ಯಾಲೆ ಕಾಲರ್ ತಗೊಂಡು ಏನ ಮಾಡ್ತಿ?"

"ನಿಮ್ಮಣ್ಣನ ಕಂಬಳಿ ಬಿಟ್ರ ಜಗತ್ತಿನ್ಯಾಗ ಬ್ಯಾರೆ ಅರಿವಿ ಇಲ್ಲೇನು?"

ಚಾಚಿ ತಮಾಷೆಗೇ ಅಂದದ್ದು. ಅತ್ತೆ ಮೊರ ಎತ್ತಿಕೊಂಡು ಎದ್ದು ಬಂದುಬಿಟ್ಟರು.

ಮಾತು ನಿಂತಿತು. ಓಣಿ ಎರಡು ಪಾಲಾಯಿತು: ಹಣೆಯವರ ಕಡೆ ಕೆಲವರು, ಕಾಲರಿನವರ ಕಡೆ ಕೆಲವರು. ಹೊಸ ಸೊಸೆ ನಾನು ಯಾವ ಕಡೆ ಎಂದು ಯಾರೂ ಕೇಳಲಿಲ್ಲ, ಸದ್ಯ ಬದುಕಿದೆ. ಆದರೆ ಅತ್ತೆಯ ಮುಖ ನೋಡಲಾಗುತ್ತಿರಲಿಲ್ಲ. ವಾರಕ್ಕೊಮ್ಮೆ ಕಾಣುತ್ತಿದ್ದ ಅಣ್ಣನೂ ಹೋದ, ದಿನಾ ಕಾಣುತ್ತಿದ್ದ ಗೆಳತಿಯೂ ಹೋದಳು. ರವಿವಾರ ನಮ್ಮ ಕಟ್ಟೆಯ ಮೇಲೆ ಕೂತು, ಎದುರು ಕಿಟಕಿಗೆ ಬೆನ್ನು ಹಾಕಿ ತೊಟ್ಟು ಕೀಳುತ್ತಿದ್ದರು.

ವಿಚಿತ್ರವೆಂದರೆ, ಆ ಕಿಟಕಿಯೊಳಗೆ ಅನುವಾದ ನಿಂತಿರಲಿಲ್ಲ. ಚಾಚಿ ಮೊದಲಿಗಿಂತ ಗಟ್ಟಿಯಾಗಿ, ಚಾಚಾನಿಗೆ, ಅಚ್ಚ ಕನ್ನಡದಲ್ಲಿ ಕತೆ ಹೇಳುತ್ತಿದ್ದರು. ಪಾಪ, ಹಿಂದಿ ಚೆನ್ನಾಗಿ ತಿಳಿಯುತ್ತಿದ್ದ ಚಾಚಾ ಉರ್ದುವಿನಲ್ಲಿ, ನನಗೇಕೆ ಹೇಳುತ್ತೀ ಎಂದು ಗೊಣಗುತ್ತಿದ್ದರು. "ಸುಮ್ನ ಕೇಳ್ರಿ ನೀವು!" ಎಂದು ಓಣಿಗೆಲ್ಲ ಕೇಳುವಂತೆ ಉತ್ತರ ಬರುತ್ತಿತ್ತು. ಅತ್ತೆಯ ಬೆನ್ನು ಮಾತ್ರ ಅಲ್ಲಾಡುತ್ತಿರಲಿಲ್ಲ. ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ಮುಂದೊಂದು ರವಿವಾರ ಸೇನಾಪತಿಗೆ ಏನೋ ಹಳೆಯದು ನೆನಪಾಯಿತು. ನೆನಪಲ್ಲವೇ, ಹಳೆಯ ತುಣುಕನ್ನೇ ತೋರಿಸಿದರು. "ಅಯ್ಯ, ಕಂಬಳಿಯವ ಬಂದಾನ!" ಎಂದು ಚಾಚಿ ಕೂಗಿದ್ದೇ ತಡ, ಅತ್ತೆ ಎದ್ದು ಕಿಟಕಿಗೆ ಹೋಗಿ ನಿಂತರು. ಹಾಗಲಕಾಯಿ ಹಣೆ, ಹೆಗಲ ಮೇಲೆ ಕಂಬಳಿ. ಅತ್ತೆಯ ಕಣ್ಣಿನಿಂದ ಬಳಬಳ ನೀರು. ಕಟ್ಟುನಿಟ್ಟೆಲ್ಲ ಮರೆತು ಎರಡೂ ಕೈಯಿಂದ ಒರೆಸಿಕೊಂಡರು.

ಆ ಕಿರುಚಾಟ ಹಾವೇರಿಗೂ ಕೇಳಿಸಿರಬೇಕು. ಚಾಚಿ ಓಡಿಬಂದರು. ಬಂದೇನು ಪ್ರಯೋಜನ, ಅವರ ಕೈಯೂ ಮೆಣಸಿನಕಾಯಿಯದ್ದೇ! "ಏ ಸೊಸೀ, ನಿನ್ನ ಕೈ ಸ್ವಚ್ಛ ಅದಾವೇನು? ಲಗೂ ಬಾ!" ರೊಟ್ಟಿ ಬಡಿಯುತ್ತಿದ್ದ ನಾನು ಕೈ ತೊಳೆದುಕೊಂಡು ಓಡಿದೆ. ಅತ್ತೆಯ ಕಣ್ಣಿಗೆ ತಣ್ಣೀರು ಹಾಕಿದ್ದು ನಾನು, ಹಾಕುವುದು ಹೇಗೆಂದು ನನ್ನನ್ನು ಬೈದದ್ದು ಚಾಚಿ. ಉರಿ ಸ್ವಲ್ಪ ಇಳಿದ ಮೇಲೆ ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು: "ಏನಂದನವಾ ಅವ?"

ಚಾಚಿ ಕಿಟಕಿಯತ್ತ ಒಮ್ಮೆ ತಿರುಗಿ ನೋಡಿದರು. "‘ತಂಗೀ, ಸಿಟ್ಟು ಬಿಡು’ ಅಂದ."

ಸೇನಾಪತಿ ಅಂದದ್ದು ಯಾವುದೋ ಕೆಟ್ಟ ಎಂಜಿನ್ನಿನ ವಿಷಯ ಎಂದು ನನಗೆ ಇವತ್ತಿಗೂ ಗುಮಾನಿ ಇದೆ. ಆದರೆ ಮುಂದಿನ ರವಿವಾರ ಅತ್ತೆಯ ಮೊರ ಎದುರು ಮನೆಯಲ್ಲಿತ್ತು. ಹಣೆ ಮೇಲೋ ಕಾಲರ್ ಮೇಲೋ ಎಂಬ ಜಗಳ, ಅತ್ತೆ ಹೋದ ವರ್ಷ ತೀರಿಕೊಳ್ಳುವವರೆಗೂ ಸುಖವಾಗಿ ನಡೆಯಿತು.

ಇಷ್ಟೆಲ್ಲ ನೆನಪಾಗಿ, ಮಗಳ ಫೋನು ಕಸಿದುಕೊಂಡು ಎದುರು ಮನೆಗೆ ಹೋದೆ. ಚಾಚಿ ಈಗ ಮನೆಯ ಖಾರಪುಡಿಗಷ್ಟೇ ಒಂದಿಷ್ಟು ತುಂಬು ಬಿಡಿಸುತ್ತಾರೆ. ಅದೇ ಕೆಲಸದಲ್ಲಿದ್ದರು. ಹೊಸ ಸೇನಾಪತಿಯನ್ನು ತೋರಿಸಿದೆ. ಬಹಳ ಹೊತ್ತು ನೋಡಿದರು.

"ಇವ ಅವ ಅಲ್ಲ," ಎಂದರು.

"ಕಾಲರ್ ಎಷ್ಟು ಚಂದ ಕುಂತೈತಿ ನೋಡ್ರಿ ಚಾಚಿ," ಎಂದೆ. ಜಗಳಕ್ಕೆ ಒಬ್ಬರು ಬೇಕಲ್ಲ!

"ಕಾಲರ್ ತಗೊಂಡು ಏನ ಮಾಡ್ತಿ? ಮನಶಾನ ಗುರುತಽ..." ಅರ್ಧಕ್ಕೆ ನಿಂತರು. ಕೈಗಳೆರಡನ್ನೂ ಮೈಯಿಂದ ದೂರ ಹಿಡಿದರು. "ನಿನ್ನ ಕೈ ಸ್ವಚ್ಛ ಅದಾವೇನವಾ?"

ನನ್ನ ಸೆರಗಿನಿಂದ ಅವರ ಕಣ್ಣೊರೆಸಿದೆ. ಫೋನಿನಲ್ಲಿ ಸೇನಾಪತಿ ಹಿಂದಿಯಲ್ಲಿ ಯಾರ ಮೇಲೋ ಗುಂಡು ಹಾರಿಸಲು ಅಪ್ಪಣೆ ಕೊಡುತ್ತಿದ್ದ. ನನಗೆ ಈಗ ಹಿಂದಿ ತಿಳಿಯುತ್ತದೆ. ಆದರೂ ಕೇಳಿದೆ: "ಏನಂತಾನ್ರಿ ಚಾಚಿ ಅವ?"

"ನಮ್ಮಕ್ಕ ಎಲ್ಲಿ ಅಂತ ಕೇಳಾಕತ್ತಾನ," ಎಂದರು ಚಾಚಿ.