ಬೈಕಿನ ಬೆನ್ನ ಮೇಲೊಂದು ಊರಿನ ಪೆಟ್ಟಿಗೆ

ಆ ಶುಕ್ರವಾರ ಬೆಳಗ್ಗೆ ಎಂಟು ಗಂಟೆ ಹದಿನೇಳು ನಿಮಿಷ. ನೆರೆಮನೆಯ ಲಾರೆನ್ಸಣ್ಣನ ಕಾರಿನಲ್ಲಿ ಹಸಿರು ಅಂಕಿಗಳಾಗಿ ಹೊಳೆಯುತ್ತಿದ್ದ ಆ ಹೊತ್ತನ್ನು ನಾನು ಯಾಕೆ ನೋಡಿದೆನೋ ಗೊತ್ತಿಲ್ಲ. ನೋಡಿ ತಲೆಯೆತ್ತುವಷ್ಟರಲ್ಲಿ, ದುಖಾನ್ ರಸ್ತೆಯಲ್ಲಿ ನಮ್ಮ ಮುಂದೆ ಹೋಗುತ್ತಿದ್ದ ಬೈಕ್ ಸವಾರನ ಎರಡೂ ಮೊಣಕೈಗಳು ಚಳಿ ಹಿಡಿದವನ ಹಾಗೆ ನಡುಗತೊಡಗಿದ್ದವು. ಸವಾರ ನನ್ನ ಗಂಡ, ಸುಧಾಕರ. ನಾನು ಊರಿನ ರೂಢಿಯಂತೆ ಹೆಸರು ಹಿಡಿಯದೆ 'ಇವರು' ಎನ್ನುವವರು.

ಕೆಟ್ಟದ್ದು ಶುರುವಾದ ಗಳಿಗೆ ಯಾವುದೆಂದು ಕೇಳಿದಾಗ ಪೊಲೀಸರಿಗೂ ಡಾಕ್ಟರಿಗೂ ನಾನು ಇದನ್ನೇ ಹೇಳಿದ್ದು. ಆದರೆ ಈಗ ನಿಮ್ಮ ಹತ್ತಿರ, ಎದುರಿಗೆ ಕೂತ ಗೆಳತಿಯ ಹತ್ತಿರ ಹೇಳುವ ಹಾಗೆ, ನಿಜ ಹೇಳುತ್ತೇನೆ. ಅದು ಶುರುವಾದದ್ದು ಹಿಂದಿನ ದಿನ ಸಂಜೆ, ನಮ್ಮ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಿಂದ ಕೈತಕ್ಕಡಿಯನ್ನು ಇಳಿಸಿದಾಗ.

ಆ ತಕ್ಕಡಿ ನಿಮಗೂ ಗೊತ್ತಿರಬಹುದು. ಅದರ ಕೊಕ್ಕೆಗೆ ಸೂಟ್‌ಕೇಸನ್ನು ಸಿಕ್ಕಿಸಿ, ಉಸಿರು ಬಿಗಿಹಿಡಿದು ಮೇಲೆತ್ತಿದರೆ ತೂಕ ತೋರಿಸುತ್ತದೆ. ಕತಾರಿನಲ್ಲಿ ಗಡಿಯಾರವಿಲ್ಲದ ಮನೆ ಸಿಕ್ಕೀತು, ಇದಿಲ್ಲದ ನಮ್ಮವರ ಮನೆ ಸಿಗಲಾರದು. ಬಿನ್ ಮಹಮೂದ್ ಬಡಾವಣೆಯ ನಮ್ಮ ಹಳೆಯ ಕಟ್ಟಡದಲ್ಲಂತೂ ಯಾರು ರಜೆಗೆ ಊರಿಗೆ ಹೊರಟರೂ ತಕ್ಕಡಿ ನಮ್ಮದು, ಕೈ ಕೆಳಮಹಡಿಯ ಲಾರೆನ್ಸಣ್ಣನದು. ಉಡುಪಿ ಕಡೆಯವರಾದ ಲಾರೆನ್ಸಣ್ಣ ಕಚೇರಿಯಲ್ಲಿ ಗುಮಾಸ್ತರು. ಕಟ್ಟಡದ ಮಟ್ಟಿಗೆ ಮಾತ್ರ ರಟ್ಟಿನ ಪೆಟ್ಟಿಗೆ ಕಟ್ಟುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಹಾಲಿನ ಪುಡಿಯ ಡಬ್ಬದ ಸುತ್ತ ಟವೆಲ್, ಟವೆಲಿನ ಮಡಿಕೆಯಲ್ಲಿ ಸಾಬೂನು, ಹೊಸ ಶೂಗಳ ಹೊಟ್ಟೆಯೊಳಗೆ ಬಾದಾಮಿ. "ಸಂದಿ ಬಿಟ್ಟರೆ ಸಾಮಾನು ಕುಣೀತದೆ ತಂಗಿ, ಕುಣಿದದ್ದು ಒಡೀತದೆ" ಎನ್ನುತ್ತ ಅವರು ನೈಲಾನ್ ಹಗ್ಗವನ್ನು ಉದ್ದಕ್ಕೂ ಅಡ್ಡಕ್ಕೂ ಎಳೆದು ಗಂಟು ಹಾಕಿದರೆಂದರೆ, ಆ ಗಂಟು ಊರಲ್ಲಿ ಅಮ್ಮಂದಿರು ಕತ್ತಿ ತರುವವರೆಗೆ ಸಡಿಲುವುದಿಲ್ಲ. ಕೊನೆಗೆ ದಪ್ಪ ಮಾರ್ಕರಿನಲ್ಲಿ ನಾಲ್ಕು ಮಗ್ಗುಲಿಗೂ ಹೆಸರು ಮತ್ತು ಊರು. ಈ ಪೆಟ್ಟಿಗೆಗಳಲ್ಲಿ ನಮ್ಮವರು ಕಳಿಸುವುದು ಸಾಬೂನು ಬಾದಾಮಿಗಳನ್ನಲ್ಲ, ಮನೆಯಲ್ಲಿ ಇರಲಾಗದ ದಿನಗಳನ್ನು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅದಕ್ಕೇ ಇರಬೇಕು, ಒಂದಿಷ್ಟೂ ಸಂದಿ ಬಿಡುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ.

ಇನ್ನು ಬೈಕಿನ ಕತೆ. ಇವರು ಮೆಸಯೀದಿನ ಕಾರ್ಖಾನೆಯೊಂದರಲ್ಲಿ ತಂತ್ರಜ್ಞರು. ಬೆಳಗ್ಗೆ ಕಂಪನಿಯ ಬಸ್ಸು ಹತ್ತಿ, ಸಂಜೆ ಅದೇ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಮರಳುವವರು. ಕೆಲಸ ಬಿಟ್ಟು ಊರಿಗೆ ಹೊರಟ ಸಹೋದ್ಯೋಗಿಯೊಬ್ಬರು ಖಲಾಸ್ ಎಂದು ಎಲ್ಲವನ್ನೂ ಮಾರುವಾಗ ಅವರ ಹಳೆಯ ಬೈಕು ನಮ್ಮ ಪಾಲಿಗೆ ಬಂತು. ಮರಳು, ಜಲ್ಲಿ, ಗುಡ್ಡ ಎನ್ನದೆ ದೂರ ಹೋಗಲೆಂದೇ ಹುಟ್ಟಿದ ಎತ್ತರದ ಬೈಕು. ಆದರೆ ದೂರ ಹೋಗುವುದಕ್ಕೆ ಬೇಕಾದ ಅಲಂಕಾರಗಳೆಲ್ಲ ಬೈಕಿಗಿಂತ ದುಬಾರಿ. ಆದ್ದರಿಂದ ಇವರು ತಮ್ಮ ದಾರಿಯನ್ನು ತಾವೇ ಹುಡುಕಿಕೊಂಡರು. ಬೈಕಿನ ಇಕ್ಕೆಲಗಳಿಗೆ ಹಾಕುವ ಪೆಟ್ಟಿಗೆಗಳ ಬದಲು ತಿರುಪು ಮುಚ್ಚಳದ ಎರಡು ದಪ್ಪ ಪ್ಲಾಸ್ಟಿಕ್ ಡ್ರಮ್ಮುಗಳು ಬಂದವು. ಅವುಗಳಲ್ಲಿ ಹಿಂದೆ ಉಪ್ಪಿಗೆ ಹಾಕಿದ ಆಲಿವ್ ಕಾಯಿ ಇತ್ತು. ಎಷ್ಟು ತೊಳೆದರೂ ಉಪ್ಪುನೀರಿನ ವಾಸನೆ ಬಿಡಲಿಲ್ಲ. ಬಿದ್ದರೆ ಎಂಜಿನ್ನಿಗೆ ಪೆಟ್ಟಾಗದಂತೆ ಹಳೆಯ ಪೈಪು ಬಗ್ಗಿಸಿ ವೆಲ್ಡ್ ಮಾಡಿಸಿದ ಕಂಬಿ. ಗಾಳಿ ತಡೆಯಲು ಯಾವುದೋ ಅಂಗಡಿಯ ಬೋರ್ಡಿನಿಂದ ಕತ್ತರಿಸಿದ ಅಕ್ರಿಲಿಕ್ ಹಾಳೆ. ಬೆಳಕಿಗೆ ಹಿಡಿದರೆ ಅದರಲ್ಲಿ ಈಗಲೂ ಅರ್ಧ ಅರಬ್ಬಿ ಅಕ್ಷರವೊಂದು ಕಾಣುತ್ತದೆ. ಸೀಟಿನ ಮೇಲೆ ಹಾಸಲು ಸೂಕ್ ವಾಕಿಫ್ ಪೇಟೆಯಿಂದ ಚೌಕಾಸಿ ಮಾಡಿ ತಂದ ಕುರಿಚರ್ಮ. ಹಿಂದೆ, ಸಾಮಾನು ಕಟ್ಟಲು, ಹಳೆಯ ಶೂ ಸ್ಟ್ಯಾಂಡಿನ ಕಬ್ಬಿಣದಿಂದ ಮಾಡಿಸಿದ ಚೌಕಟ್ಟು. ಹೊಸದಾಗಿ ಬಂದದ್ದು ಹೆಲ್ಮೆಟ್ ಮತ್ತು ಜಾಕೆಟ್ ಮಾತ್ರ. ಅದು ನನ್ನ ಹಟ. ತಲೆಯ ವಿಷಯದಲ್ಲಿ ಸೆಕೆಂಡ್ ಹ್ಯಾಂಡ್ ಬೇಡ ಎಂದಿದ್ದೆ.

ಇಷ್ಟೆಲ್ಲ ಯಾಕೆ ಎಂದರೆ ಸಲಾಲಕ್ಕಾಗಿ. ಒಮಾನಿನ ಆ ಊರಲ್ಲಿ ಬೇಸಿಗೆಯಲ್ಲಿ ಜಡಿಮಳೆ ಹಿಡಿಯುತ್ತದೆ, ರಸ್ತೆ ಬದಿಯಲ್ಲಿ ತೆಂಗು, ಬಾಳೆ. ಕರಾವಳಿಯವರಿಗೆ ಮರಳುಗಾಡಿನ ಆಚೆ ತುದಿಯಲ್ಲಿ ತಮ್ಮದೇ ಊರೊಂದನ್ನು ಇಟ್ಟ ಹಾಗೆ. ಇವರು ಗಡಿಗಳನ್ನು ದಾಟುತ್ತ ಬೈಕಿನಲ್ಲಿ ಹೋಗುವುದು, ನಾನು ವಿಮಾನದಲ್ಲಿ ಹೋಗಿ ಅಲ್ಲಿ ಸೇರುವುದು ಎಂಬ ಲೆಕ್ಕಾಚಾರ.

"ಒಂದು ಬೊಂಡ ಕುಡಿದು ಬರುವ ಮಾರಾಯ್ತಿ, ಅಷ್ಟೇ."

"ಎಳನೀರು ಕೆಳಗಿನ ಅಂಗಡಿಯಲ್ಲೇ ಸಿಗ್ತದಲ್ಲ?"

"ಅದು ಪ್ಲಾಸ್ಟಿಕ್ ಸುತ್ತಿದ ಬೊಂಡ. ಮರದ ಬುಡದಲ್ಲಿ ನಿಂತು ಕುಡಿದರೆ ಮಾತ್ರ ಬೊಂಡ."

ದೊಡ್ಡ ಪ್ರಯಾಣಕ್ಕೆ ಮೊದಲು ಪೂರ್ತಿ ಸಾಮಾನು ಹೇರಿಕೊಂಡು ಜೆಕ್ರೀತ್ ಕಡೆಯ ಜಲ್ಲಿ ದಾರಿಯವರೆಗೆ ಹೋಗಿಬರುವುದು ಪರೀಕ್ಷೆ ಎಂದು ನಿಶ್ಚಯವಾಯಿತು. ಗುರುವಾರ ಸಂಜೆ ಲಾರೆನ್ಸಣ್ಣ ಹಗ್ಗದ ಉಂಡೆಯೊಂದಿಗೆ ಮೇಲೆ ಬಂದರು. ಡೇರೆ, ಒಲೆ, ನೀರು, ಉಪಕರಣಗಳು, ಅವುಗಳ ಮೇಲೆ ಕುಚ್ಚಲಕ್ಕಿ, ಉಪ್ಪಿನಕಾಯಿ, ತೆಂಗಿನೆಣ್ಣೆ. ಸಂದಿ ಕಂಡಲ್ಲೆಲ್ಲ ಏನಾದರೊಂದು. ಡ್ರಮ್ಮುಗಳಲ್ಲಿ ಹಗುರದ ಬಟ್ಟೆಬರೆ ಸೇರಿತು, ಭಾರದ್ದೆಲ್ಲ ಹಿಂದಿನ ಚೌಕಟ್ಟಿನ ಮೇಲಿನ ದೊಡ್ಡ ಪೆಟ್ಟಿಗೆಗೆ ಹೋಯಿತು. ಯಾಕೆಂದರೆ ಪೆಟ್ಟಿಗೆ ಎಂದರೆ ನಮಗೆ ಭಾರ ತುಂಬುವ ಜಾಗ. ತಕ್ಕಡಿಯ ಕೊಕ್ಕೆಗೆ ಅದನ್ನು ಸಿಕ್ಕಿಸಿ ಎತ್ತಿದ ಲಾರೆನ್ಸಣ್ಣ, "ವಿಮಾನದವರೂ ಬೇಡ ಅನ್ನಲಿಕ್ಕಿಲ್ಲ" ಎಂದು ನಕ್ಕರು. ಆಮೇಲೆ ಕೈ ತನ್ನಷ್ಟಕ್ಕೆ ಮಾರ್ಕರಿಗೆ ಹೋಯಿತು. 'ಸುಧಾಕರ, ಮಂಗಳೂರು' ಎಂದು ನಾಲ್ಕು ಮಗ್ಗುಲಿಗೂ ಬರೆದ ಮೇಲೆಯೇ ಅವರಿಗೆ ನೆನಪಾದದ್ದು, ಇದು ಹೋಗುವುದು ಜೆಕ್ರೀತಿಗೆ ಎಂದು. ನಾವು ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆ ನಗು ನನಗೆ ಆಮೇಲೆ ಬಹಳ ತೊಂದರೆ ಕೊಟ್ಟಿತು.

ಬೆಳಗ್ಗೆ ಇವರು ಮುಂದೆ, ಲಾರೆನ್ಸಣ್ಣನ ಕಾರಿನಲ್ಲಿ ನಾವಿಬ್ಬರು ಹಿಂದೆ. ನಗರ ದಾಟಿದ ಮೇಲೆ ಶಮಾಲ್, ಇಲ್ಲಿನ ವಾಯವ್ಯದ ಗಾಳಿ, ಬಲಗಡೆಯಿಂದ ಬೀಸತೊಡಗಿತು. ಆಮೇಲೆ ಆ ಹಸಿರು ಅಂಕಿಗಳು, ಆ ಮೊಣಕೈಗಳು. ನಡುಕ ಕೈಯಿಂದ ಹೆಗಲಿಗೆ, ಹೆಗಲಿಂದ ಇಡೀ ಬೈಕಿಗೆ ಹರಡಿತು. ಬೈಕು ಬಾಯಲ್ಲಿ ಬಟ್ಟೆ ಕಚ್ಚಿದ ನಾಯಿಯ ಹಾಗೆ ತಲೆ ಕೊಡವತೊಡಗಿತು. ಎಡಗಡೆಯ ಸಾಲಿನಲ್ಲಿ ಉದ್ದನೆಯ ಟ್ರೇಲರ್ ಲಾರಿ. ಬೈಕು ಒಮ್ಮೆ ಲಾರಿಯ ಚಕ್ರಗಳತ್ತ ವಾಲಿತು, ಮತ್ತೆ ಬಲಕ್ಕೆ ಬಂತು, ಇವರನ್ನು ರಸ್ತೆ ಬದಿಯ ಮರಳಿಗೆ ಎಸೆದು ತಾನೂ ಜಾರಿ ಬಿತ್ತು. ಲಾರಿ ನಿಲ್ಲಲಿಲ್ಲ, ಅದಕ್ಕೆ ಗೊತ್ತಾಗಿರಲೂ ಇಲ್ಲ. ನಾನು ಕಾರಿನಿಂದ ಇಳಿದು ಓಡುವಾಗ ಮೊದಲು ಕಂಡದ್ದು ಪೆಟ್ಟಿಗೆ. ಗಂಟು ಒಂದಿಷ್ಟೂ ಸಡಿಲದೆ, ಹೆಸರಿನ ಮಗ್ಗುಲು ಮೇಲಾಗಿ ಮರಳಲ್ಲಿ ಕೂತಿತ್ತು. ಸುಧಾಕರ, ಮಂಗಳೂರು. ನಮ್ಮಲ್ಲಿ ಇನ್ನೂ ಯಾವ ಬಗೆಯ ಪೆಟ್ಟಿಗೆಗಳ ಮೇಲೆ ಹಾಗೆ ಹೆಸರು ಊರು ಬರೆದು ವಿಮಾನಕ್ಕೆ ಹೇರುತ್ತಾರೆಂದು ನಿಮಗೆ ನಾನು ಹೇಳಬೇಕಿಲ್ಲ.

ಇವರು ಎದ್ದು ಕೂತರು. ಹೆಲ್ಮೆಟ್ಟಿನ ಒಂದು ಕಡೆ ಪೂರ್ತಿ ತರಚಿತ್ತು. ಎಡಗಡೆಯ ಕಾಲರ್ ಬೋನ್ ಮುರಿದಿತ್ತು. ಅಷ್ಟೇ. ಆ 'ಅಷ್ಟೇ' ಎಂಬ ಮಾತನ್ನು ಎಲ್ಲರೂ ಹೇಳಿದರು, ನಾನೂ ಊರಿಗೆ ಫೋನು ಮಾಡಿ ಹೇಳಿದೆ. ಆಂಬುಲೆನ್ಸ್ ಬರುವವರೆಗೆ ಬಿಸಿಲಿಗೆ ಅಡ್ಡವಾಗಿ ನಿಂತಿದ್ದ ಲಾರೆನ್ಸಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಗಂಟು ಬಿಚ್ಚಿತಾ ತಂಗಿ?" ಇಲ್ಲ ಎಂದೆ. ಅವರು ಮುಖ ತಿರುಗಿಸಿಕೊಂಡು ಅತ್ತರು. ಆಮೇಲೆ ಎಷ್ಟೋ ವಾರ ನಮ್ಮ ಮಹಡಿ ಹತ್ತಲಿಲ್ಲ. ಮೀನು ಸಾರು ಮಾಡಿದರೆ ಡಬ್ಬವನ್ನು ಬಾಗಿಲ ಹೊರಗಿಟ್ಟು, ಬೆಲ್ ಒತ್ತಿ, ನಾವು ತೆರೆಯುವ ಮೊದಲೇ ಇಳಿದು ಹೋಗುತ್ತಿದ್ದರು.

ಬಿದ್ದವರು ನಿದ್ದೆ ಮಾಡಿದರು; ನೋಡಿದವಳ ನಿದ್ದೆ ಹಾರಿಹೋಯಿತು. ಬಿದ್ದವರಿಗೆ ನೆನಪಿರುವುದು ಒಂದು ನಡುಕ, ಒಂದು ಆಕಾಶ, ಆಮೇಲೆ ಮರಳು. ನನಗೆ ಎಲ್ಲವೂ ಹಿಂದಿನ ಸೀಟಿನ ಪ್ರೇಕ್ಷಕಿಯ ಹಾಗೆ ಮೊದಲಿಂದ ಕೊನೆಯವರೆಗೆ ನೆನಪಿತ್ತು, ಮತ್ತು ಅದು ನನ್ನ ಅಪ್ಪಣೆಗೆ ಕಾಯುತ್ತಿರಲಿಲ್ಲ. ನಾನು ಕೆಲಸ ಮಾಡುವ ಕ್ಲಿನಿಕ್ಕಿನ ಸ್ವಾಗತ ಮೇಜಿನಲ್ಲಿ ಯಾರದೋ ಹೆಸರು ಟೈಪು ಮಾಡುವಾಗ, ಅಕ್ಕಿ ತೊಳೆಯುವಾಗ, ಇವರ ಮೊಣಕೈಗಳು ಕಣ್ಣೆದುರು ನಡುಗತೊಡಗುತ್ತಿದ್ದವು. ಒಂದೊಂದು ಸಲ ಬೈಕು ಲಾರಿಯತ್ತ ವಾಲಿದ್ದು ಮರಳಿ ಬರುತ್ತಲೇ ಇರಲಿಲ್ಲ. ಆಗದೇ ಹೋದದ್ದನ್ನು ಮರೆಯುವುದು, ಆದದ್ದನ್ನು ಮರೆಯುವುದಕ್ಕಿಂತ ಕಷ್ಟ. ಯಾಕೆಂದರೆ ಆದದ್ದಕ್ಕೆ ಒಂದು ಕೊನೆ ಇರುತ್ತದೆ.

ಇವರು ನನ್ನ ಕಣ್ಣ ಕೆಳಗಿನ ಕಪ್ಪನ್ನು ನೋಡುತ್ತಿದ್ದರು. ಒಂದು ದಿನ ಕೊರಳಿಗೆ ಕಟ್ಟಿದ ಕೈಜೋಲಿಯನ್ನು ಸರಿಮಾಡಿಕೊಳ್ಳುತ್ತ, ಹವೆಯ ವಿಷಯ ಹೇಳುವವರ ಹಾಗೆ ಹೇಳಿದರು: "ಬೈಕ್ ಮಾರ್ತೇನೆ. ಅಲ್ ವಕ್ರದವರೊಬ್ಬರು ಈ ಶನಿವಾರ ನೋಡ್ಲಿಕ್ಕೆ ಬರ್ತಾರೆ."

ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅವರು ಆ ಕುರಿಚರ್ಮವನ್ನು ಮಡಿಸಿ ಕಪಾಟಿನ ಮೇಲೆ ಇಟ್ಟ ರೀತಿಯಲ್ಲಿ ಏನೋ ಇತ್ತು. ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುವ ಮನುಷ್ಯ, ತನ್ನ ಬದುಕಿನಲ್ಲಿ ತಾನೇ ಹ್ಯಾಂಡಲ್ ಹಿಡಿದ ಒಂದೇ ಒಂದು ವಸ್ತುವನ್ನು ನನ್ನ ನಿದ್ದೆಗಾಗಿ ಬಿಟ್ಟುಕೊಡುತ್ತಿದ್ದರು. ನಿದ್ದೆ ಬಾರದಿದ್ದರೆ? ಆಗ ಅವರ ಬೈಕೂ ಇಲ್ಲ, ನನ್ನ ನಿದ್ದೆಯೂ ಇಲ್ಲ.

ಆ ವಾರವೇ ಕ್ಲಿನಿಕ್ಕಿಗೆ ಒಬ್ಬಳು ತಾಯಿ ಬಂದಳು. ಮಗುವಿನ ತಳ್ಳುಗಾಡಿಯ ಹಿಡಿಗೆ ತರಕಾರಿ, ಹಾಲು, ಏನೇನೋ ತುಂಬಿದ ಚೀಲಗಳನ್ನು ತೂಗುಹಾಕಿದ್ದಳು. ಮಗುವನ್ನು ಎತ್ತಿಕೊಂಡದ್ದೇ ತಡ, ಗಾಡಿಯ ಮುಂದಿನ ಚಕ್ರಗಳು ನೆಲ ಬಿಟ್ಟು ಮೇಲೆದ್ದು, ಗಾಡಿ ನಿಧಾನವಾಗಿ ಹಿಂದಕ್ಕೆ ಮಗುಚಿತು. ಅವಳು ನಕ್ಕಳು, ಕಾದು ಕೂತವರೂ ನಕ್ಕರು. ನಾನೊಬ್ಬಳು ಎದ್ದು ನಿಂತುಬಿಟ್ಟಿದ್ದೆ. ಗಾಳಿಯಲ್ಲಿ ಸುಮ್ಮನೆ ತಿರುಗುತ್ತಿದ್ದ ಆ ಪುಟ್ಟ ಚಕ್ರಗಳನ್ನು ನೋಡುವಾಗ ನನ್ನೊಳಗಿನ ಚಿತ್ರ ಇನ್ನೊಮ್ಮೆ ಓಡಿತು. ಈ ಸಲ ನಾನು ಮೊಣಕೈಗಳನ್ನು ನೋಡಲಿಲ್ಲ, ಪೆಟ್ಟಿಗೆಯನ್ನು ನೋಡಿದೆ. ಗಾಳಿ ಬಡಿದಾಗ ಮೊದಲು ತೂಗಿದ್ದು ಪೆಟ್ಟಿಗೆ, ಆಮೇಲೆ ನಡುಗಿದ್ದು ಕೈ. ಹಿಂದಿನ ಚಕ್ರಕ್ಕಿಂತಲೂ ಹಿಂದೆ, ಸವಾರನ ಸೊಂಟಕ್ಕಿಂತ ಮೇಲೆ, ನಮ್ಮ ಊರೆಲ್ಲವನ್ನೂ ಕಟ್ಟಿ ಕೂರಿಸಿದ್ದೆವು. ಪಾಪ, ಮುಂದಿನ ಚಕ್ರಕ್ಕೆ ನೆಲವನ್ನು ಹಿಡಿದುಕೊಳ್ಳುವಷ್ಟು ಭಾರವನ್ನೂ ಉಳಿಸಿರಲಿಲ್ಲ.

ಬಿ.ಎಸ್ಸಿ.ಯಲ್ಲಿ ಗುರುತ್ವ ಕೇಂದ್ರದ ಬಗ್ಗೆ ಚಿತ್ರ ಸಹಿತ ಉತ್ತರ ಬರೆದವಳು ನಾನು. ಕಾರ್ಖಾನೆಯಲ್ಲಿ ದಿನವಿಡೀ ಮೀಟರುಗಳನ್ನು ಓದುವವರು ಇವರು. ಆದರೂ ಪೆಟ್ಟಿಗೆ ಕಟ್ಟಿದ ಆ ಗುರುವಾರ ಸಂಜೆ ನಾವು ಮೂವರೂ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು? ಪರದೇಶದ ಬದುಕು ನಮಗೆ ಭಾರದ ಬಗ್ಗೆ ಕಲಿಸಿದ್ದು ಆ ಒಂದೇ ಪ್ರಶ್ನೆ. ಮಿತಿಯೊಳಗಿದೆಯೇ, ಹಾಗಾದರೆ ಇನ್ನೊಂದು ಸಾಬೂನು ಹಾಕು. ಭಾರ ಎಲ್ಲಿ ಕೂತಿದೆ ಎಂದು ವಿಮಾನ ಯಾವತ್ತೂ ನಮ್ಮನ್ನು ಕೇಳಿಲ್ಲ. ಅದನ್ನು ನೋಡಿಕೊಳ್ಳುವವರು ಬೇರೆ ಯಾರೋ ಇರುತ್ತಾರೆ. ಎರಡು ಚಕ್ರದ ಮೇಲೆ ಹೊರಟವನಿಗೆ ಹಾಗೆ ಯಾರೂ ಇಲ್ಲ.

ಸಂಜೆ ಮನೆಗೆ ಬಂದು ಹೇಳಿದೆ. "ಗಾಳಿ ಅಂತ ಅಂದುಕೊಂಡಿದ್ದೆ" ಎಂದರು ಇವರು.

"ಗಾಳಿಯೂ ಹೌದು. ಮಾರಬೇಡಿ. ಮೊದಲು ಸರಿಯಾಗಿ ಕಟ್ಟುವ."

"ನಿನಗೆ ಹೆದರಿಕೆ ಇಲ್ವಾ?"

"ಉಂಟು. ಆದರೆ ಯಾವುದಕ್ಕೆ ಹೆದರಬೇಕು ಅಂತ ಈಗ ಗೊತ್ತುಂಟು."

ಅಲ್ ವಕ್ರದವರಿಗೆ ಇವರು ಮಾಫಿ, ಬೈಕು ಮಾರಾಟಕ್ಕಿಲ್ಲ, ಎಂದು ತಿಳಿಸಿದರು. ನಾನು ಕೆಳಗಿಳಿದು ಲಾರೆನ್ಸಣ್ಣನ ಬಾಗಿಲು ತಟ್ಟಿದೆ. "ನನ್ನ ಕೈ ಬೇಡ ತಂಗಿ" ಎಂದು ಅವರು ಒಳಗಿನಿಂದಲೇ ಅಂದರು. "ಕೈ ಅದೇ ಬೇಕು ಲಾರೆನ್ಸಣ್ಣ, ಜಾಗ ಮಾತ್ರ ಬೇರೆ" ಎಂದೆ. ಬಾಗಿಲು ತೆರೆಯಿತು.

ಎಲುಬು ಕೂಡಿ, ಡಾಕ್ಟರು ಸರಿ ಎಂದ ಮೇಲೆ ನಾವು ಮೂವರೂ ಬೈಕಿನ ಸುತ್ತ ಕೂತೆವು. ಹಿಂದಿನ ಚೌಕಟ್ಟನ್ನು ಕತ್ತರಿಸಿ ಚಿಕ್ಕದು ಮಾಡಿಸಿದೆವು. ಆಲಿವ್ ಡ್ರಮ್ಮುಗಳನ್ನು ಕೆಳಗೆ, ಸವಾರನ ಕಾಲಿನ ಹತ್ತಿರಕ್ಕೆ ತಂದೆವು. ನೀರು, ಉಪಕರಣ, ಒಲೆ, ಭಾರದ್ದೆಲ್ಲ ಅವುಗಳ ತಳಕ್ಕೆ, ಎರಡೂ ಕಡೆಗೆ ಸಮವಾಗಿ ಹೋಯಿತು. ಹಿಂದೆ, ಮೇಲೆ, ಒಂದು ಹಗುರ ಹಾಸಿಗೆಯ ಸುರುಳಿ ಮಾತ್ರ. ಒಂದು ಡ್ರಮ್ಮಿನಲ್ಲಿ ಅಂಗೈಯಷ್ಟು ಸಂದಿ ಉಳಿಯಿತು. ಲಾರೆನ್ಸಣ್ಣನ ಕೈ ಕುಚ್ಚಲಕ್ಕಿಯ ಚೀಲದತ್ತ ಹೋಗಿ, ಅರ್ಧದಲ್ಲಿ ನಿಂತು, ಹಿಂದಕ್ಕೆ ಬಂತು. "ಇರಲಿ, ಅದೂ ಉಸಿರಾಡಲಿ" ಎಂದರು. ಅಷ್ಟು ವರ್ಷ ಪೆಟ್ಟಿಗೆ ಕಟ್ಟಿದ ಮನುಷ್ಯ ಒಂದು ಸಂದಿಯನ್ನು ಖಾಲಿ ಬಿಟ್ಟದ್ದು ಎಷ್ಟು ದೊಡ್ಡದು ಎಂದು ನಿಮಗೆ ಅರ್ಥವಾಗುತ್ತದೆ ಅಲ್ಲವೇ?

ನಾನೂ ಅಲ್ಲಿ ಒಂದು ಮಾತು ಯೋಚಿಸಿದೆ. ಹೆದರಿಕೆ ನನಗೆ ಹೋಗುವುದಿಲ್ಲ. ಎರಡು ಚಕ್ರದ ಮೇಲೆ ಹೊರಟವರನ್ನು ಪ್ರೀತಿಸುವವರಿಗೆ ಅದು ಹೋಗಬಾರದು ಕೂಡ. ಆದರೆ ಇಷ್ಟು ದಿನ ಅದನ್ನು ನಾನು ತಲೆಗಿಂತ ಎತ್ತರದಲ್ಲಿ, ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ. ಅದಕ್ಕೇ ಪ್ರತಿ ಗಾಳಿಗೂ ತೂಗುತ್ತಿತ್ತು, ಮುಂದಿನದ್ದು ಯಾವುದೂ ನೆಲ ಹಿಡಿಯುತ್ತಿರಲಿಲ್ಲ.

ಮತ್ತೊಂದು ಶುಕ್ರವಾರ, ಅದೇ ರಸ್ತೆ, ಅದೇ ಕಾರು. ಗಾಳಿಯೂ ಇತ್ತು, ಇಲ್ಲದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಿದ್ದೆ, ಅದು ಕೇಳಿಸಿಕೊಳ್ಳಲಿಲ್ಲ. ಆ ಜಾಗ ಬಂದಾಗ ಲಾರೆನ್ಸಣ್ಣ ಮೆಲ್ಲನೆ ಪ್ರಾರ್ಥನೆ ಹೇಳತೊಡಗಿದರು. ಒಂದು ಟ್ರೇಲರ್ ಲಾರಿ ಬೈಕನ್ನು ದಾಟಿ ಹೋಯಿತು. ಇಡೀ ಬೈಕು ಒಮ್ಮೆ ಒಂದಿಷ್ಟು ಬಾಗಿತು, ಮರ ಗಾಳಿಗೆ ಬಾಗಿದ ಹಾಗೆ, ಬುಡದಿಂದ. ಮೊಣಕೈಗಳು ಅಲ್ಲಾಡಲಿಲ್ಲ. ಜೆಕ್ರೀತಿನ ಜಲ್ಲಿ ದಾರಿಯ ಕೊನೆಯಲ್ಲಿ, ಸಮುದ್ರ ಕಾಣುವಲ್ಲಿ, ಇವರು ಇಳಿದು ಹೆಲ್ಮೆಟ್ ತೆಗೆದು ನಮ್ಮತ್ತ ಕೈ ಬೀಸಿದರು. ಬೊಂಡ ಇರಲಿಲ್ಲ, ಫ್ಲಾಸ್ಕಿನ ಚಹ ಇತ್ತು, ಸ್ವಲ್ಪ ಆಲಿವ್ ಉಪ್ಪಿನ ವಾಸನೆಯ ಚಹ.

ಮನೆಗೆ ಬಂದು ತಕ್ಕಡಿಯನ್ನು ಮೊಳೆಗೆ ತೂಗುಹಾಕಿದೆ. ಈಗ ಅದನ್ನು ನೋಡಿದರೆ, ಅರ್ಧ ಪ್ರಶ್ನೆ ಮಾತ್ರ ಕೇಳಲು ಕಲಿತ ಒಳ್ಳೆಯ ನೆಂಟನನ್ನು ನೋಡಿದ ಹಾಗೆ ಆಗುತ್ತದೆ. ಊಟ ಮಾಡಿ ದಿಂಬಿಗೆ ತಲೆ ಕೊಟ್ಟದ್ದು ನೆನಪಿದೆ. ಎಚ್ಚರವಾದಾಗ ಪರದೆಯ ಅಂಚಿನಲ್ಲಿ ಬೆಳಕು ಬಂದಿತ್ತು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು, ಇವರು ಪಾತ್ರೆಗಳನ್ನು ಸದ್ದಾಗದ ಹಾಗೆ ಇಡಲು ಹೋಗಿ ಎಲ್ಲದರಲ್ಲೂ ಸದ್ದು ಮಾಡುತ್ತಿದ್ದರು. ಇನ್ನೊಂದು ಮಗ್ಗುಲಿಗೆ ಹೊರಳಿದೆ. ಗಂಟೆ ಎಷ್ಟೆಂದು ನಾನು ನೋಡಲಿಲ್ಲ.